ಒಂದೇ ಗುಂಡಿಯ ಬಿರುಗಾಳಿ

ನನ್ನ ಗಂಡನನ್ನು ಎಲ್ಲರೂ ಗುಡುಗಪ್ಪ ಎಂದೇ ಕರೆಯುತ್ತಾರೆ. ಕೋಪಿಷ್ಠರಿರಬೇಕು ಎಂದುಕೊಳ್ಳಬೇಡಿ, ಆ ಇಲಾಖೆ ನಮ್ಮ ಮನೆಯಲ್ಲಿ ನನ್ನದು. ಅವರು ನಾಟಕ ಕಂಪನಿಯಲ್ಲಿ ಸದ್ದು ಮಾಡುವವರು. ಬಾಗಿಲು ಬಡಿಯುವುದು, ಕುದುರೆ ಓಡುವುದು, ಗಾಜು ಒಡೆಯುವುದು, ಎಲ್ಲಕ್ಕಿಂತ ಮೇಲಾಗಿ ಗುಡುಗು. ಮೂವತ್ತೊಂದು ವರ್ಷದಿಂದ ಇದೇ ಕಸುಬು. ಮೊದಮೊದಲು ತಗಡು ಅಲ್ಲಾಡಿಸಿ ಗುಡುಗು, ಮರದ ಪೆಟ್ಟಿಗೆಯಲ್ಲಿ ಒಣ ಬಟಾಣಿ ಉರುಳಿಸಿ ಮಳೆ. ಆಮೇಲೆ ಟೇಪು ಬಂತು, ಆಮೇಲೆ ಕಂಪ್ಯೂಟರು ಬಂತು. ಬಟಾಣಿ ನನ್ನ ಅಡುಗೆಮನೆಗೆ ವಾಪಸು ಬಂತು.

ಅವರ ಕಿವಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಆ ಕಿವಿಯ ಜೊತೆ ಸಂಸಾರ ಮಾಡಿದವಳು ನಾನು. ನಾನು ಹೊಲಿಗೆಯವಳು, ಕಂಪನಿಯ ವೇಷಭೂಷಣವೆಲ್ಲ ಹೊಲಿಯುವುದು ನಾನೇ. ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದರೆ ಸ್ನಾನದ ಮನೆಯಿಂದ ಕೂಗಿ ಹೇಳುತ್ತಿದ್ದರು, ಬಲಗಡೆ ಬೋಲ್ಟಿಗೆ ಎಣ್ಣೆ ಬೇಕು ಎಂದು. ಹಾಳಾದ್ದು, ನೋಡಿದರೆ ಬೇಕೇ ಆಗಿರುತ್ತಿತ್ತು. ನಾನು ತಲೆನೋವು ಎಂದು ಮಲಗಿದರೆ, ಉಸಿರು ಕೇಳಿಯೇ ಇದು ತಲೆನೋವಲ್ಲ, ಮುನಿಸು ಎನ್ನುತ್ತಿದ್ದರು. ಇಂಥವರ ಮುಂದೆ ಹೆಂಡತಿಯಾದವಳು ಒಂದು ಸಣ್ಣ ಸುಳ್ಳನ್ನಾದರೂ ನೆಮ್ಮದಿಯಾಗಿ ಹೇಳುವುದು ಹೇಗೆ?

ಹೋದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ನಾಲಿಗೆ ಎರಡೇ ದಿನದಲ್ಲಿ ಸರಿಹೋಯಿತು, ಸ್ವಲ್ಪ ತಡವಾಗಿದ್ದರೂ ನಷ್ಟವಿರಲಿಲ್ಲ. ಕಾಲು ಕೋಲಿನ ಆಸರೆಯಲ್ಲಿ ನಡೆಯುವಷ್ಟಾಯಿತು. ಎಡಗೈ ಮಾತ್ರ ಬರಲಿಲ್ಲ. ತೊಡೆಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ಬೇರೆ ಕೆಲಸದವರಾದರೆ ಒಂದು ಕೈಯಲ್ಲಿ ಹೇಗೋ ತಳ್ಳಬಹುದು. ಇವರಿಗೆ ಆ ನಾಟಕವಿತ್ತಲ್ಲ, ಅದರಲ್ಲಿ ಬಿರುಗಾಳಿಯಿತ್ತಲ್ಲ.

ಆ ನಾಟಕ ಆರು ವರ್ಷದಿಂದ ಪ್ರತಿ ಶನಿವಾರ ನಡೆಯುತ್ತಿದೆ. ಕೊನೆಯ ಅಂಕದಲ್ಲಿ ಒಬ್ಬ ತಾಯಿ ನದಿಯ ದಡದಲ್ಲಿ ನಿಂತು ದೋಣಿಗೆ ಕಾಯುತ್ತಾಳೆ. ಬಿರುಗಾಳಿ ಏಳುತ್ತದೆ. ತಾಯಿ ಗಾಳಿಗೆ, ಮಳೆಗೆ, ನದಿಗೆ ಬಾಯಿಗೆ ಬಂದಂತೆ ಬೈಯುತ್ತಾಳೆ. ಬೈದು ಬೈದು ಸುಮ್ಮನಾಗುತ್ತಾಳೆ. ಅವಳು ಸುಮ್ಮನಾಗಿ ನಿಂತ ಮೇಲೆ ಬಿರುಗಾಳಿ ಮೆಲ್ಲಗೆ ಇಳಿಯಬೇಕು, ಒಳಗಿನಿಂದ ಹಾಡು ಏಳಬೇಕು. ತಾಯಿಯ ಪಾತ್ರ ನಮ್ಮ ಕಂಪನಿಯ ಹಿರಿಯ ನಟಿಯದು, ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಾರೆ. ದೊಡ್ಡಕ್ಕನ ಬೈಗುಳ ಒಂದು ದಿನ ನಾಲ್ಕು ನಿಮಿಷ, ಒಂದು ದಿನ ಏಳು. ಆಮೇಲಿನ ಮೌನವಂತೂ ಅವರ ಮರ್ಜಿ. ಇವರು ಆಗೆಲ್ಲ ನಿಂತುಕೊಂಡು, ಸದ್ದಿನ ಕೋಣೆಯ ಕಿಟಕಿಯಿಂದ ಕತ್ತು ಹೊರಗೆ ಹಾಕಿ ದೊಡ್ಡಕ್ಕನ ಮುಖ ನೋಡುತ್ತ, ಬಲಗೈಯಲ್ಲಿ ಮೌಸ್ ಹಿಡಿದು ಗಾಳಿಯನ್ನೂ ಎಡಗೈಯ ಬೆರಳುಗಳಿಂದ ಕೀಲಿಮಣೆ ಒತ್ತಿ ಮಳೆ, ಗುಡುಗು, ಹಾಡುಗಳನ್ನೂ ಏರಿಸಿ ಇಳಿಸುತ್ತಿದ್ದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ. ಇದನ್ನು ಅವರೆದುರು ನಾನು ಯಾವತ್ತೂ ಹೇಳಿಲ್ಲ.

ಇವರು ಆಸ್ಪತ್ರೆಯಲ್ಲಿದ್ದಾಗ ಮಾಲೀಕರು ಇಡೀ ಬಿರುಗಾಳಿಯನ್ನು ಒಂದೇ ತುಂಡಾಗಿ ರೆಕಾರ್ಡ್ ಮಾಡಿಸಿ ಹಾಕಿಸಿದರು. ಅವತ್ತು ದೊಡ್ಡಕ್ಕನಿಗೆ ನೆಗಡಿ, ಮಾತು ನಿಧಾನ. ಐದು ನಿಮಿಷಕ್ಕೆ ಬಿರುಗಾಳಿ ಮುಗಿಯಿತು. ದೊಡ್ಡಕ್ಕ ಮಾತ್ರ ಪಾಪ, ಮಿಸುಕದ ಗಾಳಿಗೆ, ಬೀಳದ ಮಳೆಗೆ ಶಾಪ ಹಾಕುತ್ತಲೇ ಇದ್ದರು. ಮೂರನೇ ಸಾಲಿನಿಂದ ಯಾರೋ, ಅಮ್ಮಾ ನಿಂತ್ಹೋಯ್ತು, ಮನೆಗೆ ನಡಿ ಎಂದರಂತೆ. ಗುಡುಗಪ್ಪ ಬರುವ ತನಕ ನಾನು ನದಿ ದಡಕ್ಕೆ ಹೋಗುವವಳಲ್ಲ ಎಂದು ದೊಡ್ಡಕ್ಕ ಮಾಲೀಕರ ಮುಖಕ್ಕೆ ಹೇಳಿದರು. ನಾಲ್ಕು ವಾರ ಆ ನಾಟಕವೇ ನಿಂತಿತು.

ಹೀಗೆ ಇವರು ಕೋಲೂರಿಕೊಂಡು ವಾಪಸು ಹೋದರು. ಎಡಗೈಯ ಜಾಗಕ್ಕೆ ನಾನು ಹೋದೆ. ಸದ್ದಿನ ಕೋಣೆ ರಂಗದ ಪಕ್ಕದಲ್ಲಿ, ಎರಡು ಕುರ್ಚಿ ಹಿಡಿಸುವಷ್ಟು ಗೂಡು. ಇವರು ಈಗ ಕೂತೇ ಇರಬೇಕು, ಕೂತರೆ ಕಂಬ ಅಡ್ಡ, ರಂಗ ಕಾಣುವುದಿಲ್ಲ. ಕಿಟಕಿಯ ಕಡೆ ನನ್ನ ಕುರ್ಚಿ. ಮಳೆ, ಗುಡುಗು, ಹಾಡಿನ ಕೀಲಿಗಳು ನನ್ನ ಪಾಲು. ಎತ್ತು ಏರಿಗೆ, ಕೋಣ ನೀರಿಗೆ. ಅವರ ಗಾಳಿ ಏರಿದ ಮೇಲೆ ನನ್ನ ಮಳೆ ಏರುತ್ತಿತ್ತು, ಅವರ ಗಾಳಿ ಇಳಿದ ಮೇಲೂ ನನ್ನ ಗುಡುಗು ಗುಡುಗುತ್ತಿತ್ತು. ಲೇಟು, ಲೇಟು ಎಂದು ಹಲ್ಲು ಕಡಿಯುತ್ತಿದ್ದರು. ಗುಡುಗು ಯಾವತ್ತಾದರೂ ಮೊದಲು ಬಂದಿದ್ದುಂಟಾ ಎಂದು ನಾನೂ ಬಿಡುತ್ತಿರಲಿಲ್ಲ. ಆದರೂ ನಿಜ ಹೇಳುತ್ತೇನೆ, ಆ ಎರಡು ತಿಂಗಳು ನನಗೆ ಬಹಳ ಇಷ್ಟವಾಗಿತ್ತು. ಮೂವತ್ತು ವರ್ಷ ಅವರು ನಾಟಕಕ್ಕೆ, ನಾನು ಮಿಷನ್ನಿಗೆ. ಈಗ ಶನಿವಾರ ಬಂತೆಂದರೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು.

ಕೆಟ್ಟ ಗಳಿಗೆ ಬರದೆ ಇರುತ್ತದೆಯೇ? ಎರಡನೇ ಅಂಕದಲ್ಲಿ ಪ್ರೇಮಿಗಳು ಕೂತು, ಆಕಾಶ ಎಷ್ಟು ತಿಳಿಯಾಗಿದೆ ಎನ್ನುವಾಗ ನನ್ನ ಮೊಣಕೈ ತಗುಲಿ ಗುಡುಗು ಹೊಡೆಯಿತು. ನಾಯಕ ಚೂಟಿ, ನಿಮ್ಮಪ್ಪ ಬಂದ ಹಾಗಿದೆ ಎಂದುಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಮಾಲೀಕರು ನಗಲಿಲ್ಲ. ಅಲ್ಲಿಯತನಕ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದವರು ಅವತ್ತು ನೇರವಾಗಿ ಹೇಳಿದರು. ಬರುವ ಶನಿವಾರ ಬಿರುಗಾಳಿ ಸರಿಯಾಗಿ ಬಂದರೆ ಗುಡುಗಪ್ಪ ಇರುತ್ತಾರೆ, ಇಲ್ಲವಾದರೆ ಹೊಸ ಆಪರೇಟರ್ ಬರುತ್ತಾನೆ, ಅದಕ್ಕೆ ದೊಡ್ಡಕ್ಕನನ್ನು ಒಪ್ಪಿಸುವ ಜವಾಬ್ದಾರಿ ತಮ್ಮದೇ.

ಇವರು ಮನೆಗೆ ಬಂದು ಊಟ ಬೇಡ ಎಂದರು. ಮೂವತ್ತೊಂದು ವರ್ಷ ಮಾಡಿದ ಕೆಲಸ ಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಕೂತು ನನ್ನ ಬೋಲ್ಟು ಕೇಳುತ್ತ ಈ ಮನುಷ್ಯ ಒಂದು ತಿಂಗಳು ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆದರಿಕೆಯಾಯಿತು. ಹೆದರಿಕೆಯಾದರೆ ನಾನು ಬೈಯುತ್ತೇನೆ, ಚೆನ್ನಾಗಿ ಬೈದೆ.

ಮರುದಿನ ಅವರು ಹಳೇ ಸ್ನೇಹಿತ ರೇಡಿಯೋ ರಿಪೇರಿಯವರ ಅಂಗಡಿಗೆ ಹೋಗಿ ಒಂದು ಪೆಟ್ಟಿಗೆ ತಂದರು. ಮಿಡಿ ಕಂಟ್ರೋಲರ್ ಅಂತೆ. ಊಟದ ಡಬ್ಬಿಯಷ್ಟು ಅಗಲ, ಮೇಲೆ ಎಂಟು ತಿರುಗುಗುಂಡಿ. ರಿಪೇರಿಯವರೂ ಕಂಪನಿಯ ಕಂಪ್ಯೂಟರನ್ನು ಹೊತ್ತುಕೊಂಡು ಜೊತೆಗೆ ಬಂದಿದ್ದರು. ಈ ಪೆಟ್ಟಿಗೆ ತಾನಾಗಿ ಸದ್ದು ಮಾಡುವುದಿಲ್ಲ, ಗುಂಡಿ ಇಷ್ಟು ತಿರುಗಿತು ಎಂದು ಕಂಪ್ಯೂಟರಿಗೆ ಚಾಡಿ ಹೇಳುತ್ತದೆ ಅಷ್ಟೇ ಎಂದು ವಿವರಿಸಿದರು. ಸೊನ್ನೆಯಿಂದ ನೂರ ಇಪ್ಪತ್ತೇಳರವರೆಗೆ ಹೇಳುತ್ತದಂತೆ. ನೂರಕ್ಕೆ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ, ಇಬ್ಬರೂ ಕೇಳಿಸದವರಂತೆ ಇದ್ದರು. ಪರದೆಯ ಮೇಲೆ 'ಕಲಿ' ಎನ್ನುವುದನ್ನು ಒತ್ತಬೇಕು, ಗಾಳಿಯ ದನಿ ತೋರಿಸುವ ಗೆರೆಯನ್ನು ಮುಟ್ಟಬೇಕು, ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಬೇಕು. ಅಲ್ಲಿಗೆ ಗಂಟು ಬಿತ್ತು. ಇನ್ನು ಆ ಗುಂಡಿ ತಿರುಗಿದರೆ ಗಾಳಿ ಏರುತ್ತದೆ. ಒಂದೇ ಗುಂಡಿಗೆ ಎಷ್ಟು ಗಂಟು ಬೇಕಾದರೂ ಹಾಕಬಹುದು ಎಂದು ರಿಪೇರಿಯವರು ಹೇಳಿದ್ದೇ ತಪ್ಪಾಯಿತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವರು ಮೊದಲನೇ ಗುಂಡಿಗೆ ಗಾಳಿ, ಮಳೆ, ಗುಡುಗು ಕಟ್ಟಿದರು. ಅಷ್ಟಕ್ಕೇ ನಿಲ್ಲಬಾರದೇ? ನಾಯಿ ಕಟ್ಟಿದರು, ರೈಲು ಕಟ್ಟಿದರು, ಮೂರನೇ ಅಂಕದ ಮದುವೆ ವಾದ್ಯ ಕಟ್ಟಿದರು, ಕೈಗೆ ಸಿಕ್ಕಿದ್ದೆಲ್ಲ ಸೇರಿ ಹನ್ನೊಂದು ಗಂಟು. ಒಂದೇ ಕೈಯಲ್ಲಿ ಇಡೀ ನಾಟಕ ಆಡಿಸುತ್ತೇನೆ ಎಂದು ಮೀಸೆ ತಿರುವಿಕೊಂಡು ಗುಂಡಿ ತಿರುಗಿಸಿದರು. ನಮ್ಮ ಮುಂದಿನ ಕೋಣೆಯಲ್ಲಿ ಸುರಿಯುವ ಮಳೆಯಲ್ಲಿ, ನಾಯಿಗಳ ಸಮೇತ, ರೈಲಿನೊಳಗೆ ಯಾರದೋ ಮದುವೆ ನಡೆಯಿತು. ಎಲ್ಲವೂ ಪೂರ್ತಿ ದನಿಯಲ್ಲಿ.

ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿ ಬುದ್ಧಿ ಹೇಳಿದೆ. ನೋಡಿ, ನೀವು ಹೇಳದೆ ಕೇಳದೆ ತಡವಾಗಿ ಬಂದಾಗ ಈ ಮನೆಯಲ್ಲಿ ಒಂದೇ ಗುಂಡಿ ತಿರುಗುತ್ತದೆ. ನನ್ನ ದನಿ ಏರುತ್ತದೆ, ಸಾರಿಗೆ ಉಪ್ಪು ಏರುತ್ತದೆ, ಪಾತ್ರೆಗಳ ಸದ್ದು ಏರುತ್ತದೆ, ನಿಮ್ಮ ತಲೆ ಇಳಿಯುತ್ತದೆ. ಹಾಗೆಂದು ಎಲ್ಲವೂ ಒಂದೇ ಸಮ ಏರುತ್ತದೆಯೇ? ದನಿ ಸೂರಿಗೆ ಮುಟ್ಟುತ್ತದೆ, ಉಪ್ಪು ಒಂದು ಚಿಟಿಕೆ ಹೆಚ್ಚಾಗುತ್ತದೆ ಅಷ್ಟೇ. ಒಂದೊಂದಕ್ಕೆ ಒಂದೊಂದು ಮಿತಿ ಬೇಡವೇ? ಅವರು ನನ್ನನ್ನು ಒಂದು ಗಳಿಗೆ ನೋಡಿದರು. ನಾಯಿ, ರೈಲು, ಮದುವೆ, ಬೇಡದ್ದನ್ನೆಲ್ಲ ಬಿಚ್ಚಿದರು. ಉಳಿದದ್ದಕ್ಕೆ ಎಲ್ಲಿಂದ ಎಲ್ಲಿಗೆ ಎಂದು ಬೇಲಿ ಹಾಕಿದರು: ಗಾಳಿ ಪೂರ್ತಿ, ಅದರ ಶಿಳ್ಳೆ ಕಾಲು ಭಾಗ, ಮಳೆ ಮುಕ್ಕಾಲು, ಗುಡುಗು ಅರ್ಧ, ನದಿಯ ಮೊರೆತ ಅರ್ಧ, ಮರಗಳ ಸದ್ದು ಕಾಲು. ಹಾಡಿಗೆ ತಿರುಗುಮುರುಗು, ಉಳಿದದ್ದು ಏರಿದರೆ ಅದು ಇಳಿಯಬೇಕು. ಒಟ್ಟು ಏಳು. ಮಿತಿ ಹಾಕಬಹುದು ಎಂದು ಕೈಪಿಡಿಯಲ್ಲಿ ಓದಿದೆ ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಕೈಪಿಡಿ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಇನ್ನೊಂದು ಎಡವಟ್ಟೂ ಆಯಿತು. ಗುರುವಾರ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಕಂಪ್ಯೂಟರಿನ ಲೆಕ್ಕದಲ್ಲಿ ಬಿರುಗಾಳಿ ಸೊನ್ನೆಯಲ್ಲಿತ್ತು, ಪೆಟ್ಟಿಗೆಯ ಗುಂಡಿ ಹಿಂದಿನ ದಿನ ಬಿಟ್ಟ ತುತ್ತತುದಿಯಲ್ಲೇ ಇತ್ತು. ಇವರು ಸುಮ್ಮನೆ ಬೆರಳು ತಾಗಿಸಿದರು ಅಷ್ಟೇ, ಮುನ್ಸೂಚನೆಯಿಲ್ಲದೆ ಪ್ರಳಯ. ಮಟಮಟ ಮಧ್ಯಾಹ್ನ, ಕಿಟಕಿ ತೆರೆದಿತ್ತು. ಮೇಲಿನ ಮನೆಯಾಕೆ ಧಡಧಡ ಓಡಿ ಒಣಗಲು ಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಹೋದರು. ಆಮೇಲೆ ಬಿಸಿಲಿನಲ್ಲಿ ನಿಂತು ಆಕಾಶ ನೋಡಿದ್ದನ್ನು ನಾನು ನೋಡಿದೆ. ಅಂದಿನಿಂದ ಇವರು ಕಂಪ್ಯೂಟರ್ ಹಚ್ಚುವ ಮೊದಲು ಗುಂಡಿಯನ್ನು ಸೊನ್ನೆಗೆ ತಿರುಗಿಸಿಡುವುದನ್ನು ಕಲಿತರು.

ಶುಕ್ರವಾರ ಸಂಜೆಗೆ ಎಲ್ಲ ಸರಿಹೋಯಿತು. ಬಲಗೈಯ ಎರಡು ಬೆರಳು, ಒಂದು ಗುಂಡಿ. ದೂರದಲ್ಲಿ ಗಾಳಿ ಎದ್ದು, ಶಿಳ್ಳೆ ಹಾಕುತ್ತ ಹತ್ತಿರ ಬಂದು, ಮಳೆಯನ್ನು ಎಳೆದುಕೊಂಡು ಬಂದು, ಹಾಡನ್ನು ಮುಳುಗಿಸಿತು. ನನ್ನ ಮೈ ಜುಮ್ಮೆಂದಿತು. ಅವರು ಗುಂಡಿ ಇಳಿಸಿ, ನನ್ನ ಕಡೆ ನೋಡದೆ ಹೇಳಿದರು.

"ನಾಳೆ ನೀನು ಬರೋದೇನೂ ಬೇಡ. ಒಂದೇ ಕೈ ಸಾಕಾಗುತ್ತೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನನಗೆ ಗೊತ್ತು. ಆದರೂ ನನಗೆ ಹೊಟ್ಟೆ ಉರಿಯಿತು. ಊಟದ ಡಬ್ಬಿಯಷ್ಟಿರುವ ಪೆಟ್ಟಿಗೆ ನನ್ನ ಕುರ್ಚಿ ಕಸಿದುಕೊಂಡಿತಲ್ಲ ಎನಿಸಿತು. ಅವರ ಕೆಲಸ ಉಳಿಯಲಿ ಎಂದು ಬೇಡಿಕೊಂಡವಳೂ ನಾನೇ, ಉಳಿಯುವ ದಾರಿ ಸಿಕ್ಕಿದಾಗ ಮುಖ ಊದಿಸಿಕೊಂಡವಳೂ ನಾನೇ. ಯಾರ ಹತ್ತಿರ ಹೇಳಿಕೊಳ್ಳಲಿ?

ಶನಿವಾರ ಒಳ್ಳೆಯ ಸೀರೆ ಉಟ್ಟು, ಬೇಕೆಂದೇ ಟಿಕೆಟ್ ತೆಗೆದುಕೊಂಡು ಐದನೇ ಸಾಲಿನಲ್ಲಿ ಕೂತೆ. ಪ್ರೇಕ್ಷಕಳಾಗಿ ನಾನು ನೋಡಿದ್ದು ಅದೇ ಮೊದಲು. ಬಿರುಗಾಳಿ ಬಂತು, ಎಂಥ ಬಿರುಗಾಳಿ. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೈತುಂಬ ಹೊದ್ದುಕೊಂಡಳು. ಇದು ನನ್ನ ಗಂಡನ ಗಾಳಿ ಎಂದು ಹೇಳಬೇಕೆನಿಸಿ ಬಾಯಿ ಬಿಗಿಹಿಡಿದೆ. ದೊಡ್ಡಕ್ಕ ಬೈದರು, ಬೈದು ಸೋತರು, ಸುಮ್ಮನಾದರು. ಇನ್ನು ಇಳಿಯುತ್ತದೆ, ಇನ್ನು ಹಾಡು ಬರುತ್ತದೆ ಎಂದು ಕಾದೆ. ಬಿರುಗಾಳಿ ಇಳಿಯಲಿಲ್ಲ. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ದೊಡ್ಡಕ್ಕ ಪಳಗಿದ ನಟಿ, ನಿಧಾನವಾಗಿ ದಡದಲ್ಲಿ ಕೂತರು, ಎದ್ದರು, ಸೆರಗು ಹಿಂಡಿದರು. ಇನ್ನು ಹಿಂಡಲು ಏನೂ ಉಳಿದಿರಲಿಲ್ಲ. ಮೊದಲನೇ ಸಾಲಿನಲ್ಲಿ ಮಾಲೀಕರು ಹಿಂದೆ ತಿರುಗಿ ಸದ್ದಿನ ಕೋಣೆಯ ಕಡೆ ನೋಡಿದರು.

ಪಾರ್ಶ್ವವಾಯು ಮತ್ತೊಂದು ಸಲ ಬಡಿಯಿತೋ ಎಂದುಕೊಂಡೆ. ಜನರ ಕಾಲು ತುಳಿದುಕೊಂಡು ಓಡಿದೆ. ಬಾಗಿಲು ತಳ್ಳಿದರೆ ಇವರು ಗಟ್ಟಿಮುಟ್ಟಾಗಿ ಕೂತಿದ್ದಾರೆ, ಗುಂಡಿಯ ಮೇಲೆ ಬೆರಳು, ಮುಖ ನನ್ನ ಖಾಲಿ ಕುರ್ಚಿಯ ಕಡೆ. ಇಳಿಸಿ, ಇಳಿಸಿ ಎಂದು ಬೆನ್ನಿಗೆ ಗುದ್ದಿದೆ. ಇಳಿಸಿದರು, ಅದೂ ಗಡಿಬಿಡಿಯಲ್ಲಿ. ಬಿರುಗಾಳಿ ಯಾರೋ ಬಾಗಿಲು ಹಾಕಿದ ಹಾಗೆ ನಿಂತಿತು.

ಏನಾಯಿತು, ಯಾಕೆ ಇಳಿಸಲಿಲ್ಲ ಎಂದು ಕೇಳಿದೆ. ಅವರು ಬೆಪ್ಪಾಗಿ ನನ್ನ ಮುಖವನ್ನೇ ನೋಡಿದರು.

"ನೀನು ಮೂಗು ಎಳೀಲಿಲ್ಲ," ಎಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು, ಹೇಳುತ್ತ ಹೇಳುತ್ತ ಅವರಿಗೂ ಆಗಷ್ಟೇ ಹೊಳೆಯುತ್ತಿದ್ದ ಹಾಗಿತ್ತು. ಕಂಬ ಅಡ್ಡ, ದೊಡ್ಡಕ್ಕನ ಮುಖ ಕಾಣುವುದಿಲ್ಲ, ಮೌನಕ್ಕೆ ಮಾತಿನ ಗುರುತೂ ಇಲ್ಲ. ಎರಡು ತಿಂಗಳಿಂದ ಪ್ರತಿ ಶನಿವಾರ ಆ ಜಾಗದಲ್ಲಿ ಕಿಟಕಿಯ ಬಳಿ ನಾನು ಅಳುತ್ತಿದ್ದೆನಂತೆ. ಸೆರಗು ಒತ್ತಿಕೊಂಡು, ಯಾರಿಗೂ ಗೊತ್ತಾಗದಂತೆ ಒಂದೇ ಒಂದು ಸಲ ಮೂಗು ಎಳೆಯುತ್ತಿದ್ದೆನಂತೆ. ಆ ಸದ್ದಿಗೆ ಇವರ ಕೈ ತಾನಾಗಿ ಗಾಳಿ ಇಳಿಸುತ್ತಿತ್ತಂತೆ. ಅಳುತ್ತಿದ್ದೆ ಎಂದು ನಾನು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ, ಅಳುತ್ತಿದ್ದೆ.

ಅಷ್ಟರಲ್ಲಿ ಮಾಲೀಕರು ಬಾಗಿಲಲ್ಲಿ ನಿಂತಿದ್ದರು. ಇವರು ಎದ್ದು ನಿಲ್ಲಲು ಹೋಗಿ ಆಗದೆ ಕೂತಲ್ಲಿಂದಲೇ ಹೇಳಿದರು.

"ಪೆಟ್ಟಿಗೇದು ತಪ್ಪಿಲ್ಲ ಸ್ವಾಮಿ. ಗುಂಡಿಗೆ ಏಳು ಕಟ್ಟಿದ್ದೆ. ಎಂಟನೇದು ಹೊರಗೆ ಹೋಗಿ ಐದನೇ ಸಾಲಲ್ಲಿ ಕೂತಿತ್ತು."

ಮಾಲೀಕರಿಗೆ ತಲೆಬುಡ ತಿಳಿಯಲಿಲ್ಲ. ಏರಿದ್ದು ಮಾತ್ರ ಮೂವತ್ತು ವರ್ಷದಲ್ಲೇ ಕೇಳದಂಥ ಬಿರುಗಾಳಿ ಎಂದು ದೊಡ್ಡಕ್ಕ ಒಳಗಿನಿಂದ ಹೇಳಿಕಳಿಸಿದ್ದರಂತೆ, ಅದಕ್ಕಾಗಿ ಇನ್ನೊಂದೇ ಒಂದು ಶನಿವಾರ ಕೊಡುತ್ತೇನೆ ಎಂದರು. ಅವತ್ತು ತಾವು ಇದೇ ಬಾಗಿಲಲ್ಲಿ ನಿಂತಿರುತ್ತಾರಂತೆ.

ಮುಂದಿನ ಶನಿವಾರ ನಾನು ನನ್ನ ಕುರ್ಚಿಯಲ್ಲಿ ಕೂತೆ. ಮಾಲೀಕರು ಬಾಗಿಲಿಗೆ ಒರಗಿ ಕೈಕಟ್ಟಿ ನಿಂತರು. ಬಿರುಗಾಳಿ ಎದ್ದಿತು, ದೊಡ್ಡಕ್ಕ ಬೈದರು, ಸುಮ್ಮನಾದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದೊಡ್ಡಕ್ಕನನ್ನು ನೋಡಿದೆ. ಅಳು ಬರಲಿಲ್ಲ. ಈಗ ಅಳಬೇಕು, ಅತ್ತರೆ ಕೆಲಸ ಉಳಿಯುತ್ತದೆ ಎಂದು ಗೊತ್ತಿದ್ದರೆ ಯಾರಿಗೆ ತಾನೇ ಅಳು ಬರುತ್ತದೆ? ಸತ್ತುಹೋದ ಅಮ್ಮನನ್ನು ನೆನೆದೆ, ಆಸ್ಪತ್ರೆಯ ಮೊದಲ ರಾತ್ರಿಯನ್ನು ನೆನೆದೆ. ಕಣ್ಣು ಒಣಗಿದ ಕೆರೆ. ಬೆನ್ನ ಹಿಂದೆ ಮಾಲೀಕರ ಬೂಟು ನೆಲ ಕುಟ್ಟಲು ಶುರುಮಾಡಿತು. ಬೇರೆ ದಾರಿ ಕಾಣದೆ ಸೆರಗು ಮುಖಕ್ಕೆ ಒತ್ತಿ ಸೊರ್ ಎಂದು ಮೂಗು ಎಳೆದೆ.

ಗುಂಡಿಯ ಮೇಲಿನ ಬೆರಳು ಅಲುಗಲಿಲ್ಲ.

"ಅದು ಸುಳ್ಳು," ಎಂದರು ಮೆಲ್ಲಗೆ.

ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳಾದರೇನು, ಇಳಿಸಿ, ಮಾಲೀಕರು ನಿಂತಿದ್ದಾರೆ, ಕೆಲಸ ಹೋಗುತ್ತದೆ ಎಂದು ಪಿಸುಗುಟ್ಟಿದೆ. ಹೊರಗೆ ಗಾಳಿ ಅಬ್ಬರಿಸುತ್ತಿತ್ತು, ದೊಡ್ಡಕ್ಕ ಅಲುಗದೆ ನಿಂತಿದ್ದರು. ಇವರು ಪೆಟ್ಟಿಗೆಯ ಕಡೆಗಾಗಲೀ ಮಾಲೀಕರ ಕಡೆಗಾಗಲೀ ನೋಡಲಿಲ್ಲ. ನನ್ನ ಕಡೆ ತಿರುಗಿದರು. ಒಂದು ದಿನಕ್ಕೂ ಒಂದು ಲೋಟ ಕಾಫಿಗೆ ಎರಡು ನಿಮಿಷ ಕಾಯದ ಮನುಷ್ಯ.

"ಅವಸರ ಏನಿಲ್ಲ ಕಣೇ," ಎಂದರು. "ನಿನಗೆ ಬಂದಾಗ ಬರಲಿ. ನಾನು ಕಾಯ್ತೀನಿ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ದೊಡ್ಡಕ್ಕ ಕಾಣಲಿಲ್ಲ, ನದಿ ಕಾಣಲಿಲ್ಲ, ದೀಪಗಳೆಲ್ಲ ಕಲಸಿಹೋದವು. ಹಿಂದೆ ಗಾಳಿ ಇಳಿಯತೊಡಗಿತು, ಮಳೆ ದೂರ ಸರಿಯಿತು, ಹಾಡು ಎದ್ದಿತು.